ಹಳೇ ಸ್ಪೋರ್ಟ್ಸ್ ಕಾರಿಗೆ ಸಾವಿರ ಕೋಟಿ! ಹರಾಜಿನಲ್ಲಿ ಬೆಲೆ ಬರೋದು ಯಾವುದಕ್ಕೆ?

ಮಲೆನಾಡಿಗ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ನಮ್ಮ ದೊಡ್ಡಪ್ಪ ಐವತ್ತರ ದಶಕದಲ್ಲಿ ಇಂಗ್ಲಿಷ್ ಪ್ಲಾಂಟರ್ ಒಬ್ಬರಿಂದ ಕೊಂಡ ಎಂಜಿ ಟಿಡಿ ಅನ್ನೋ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಗೋಡೌನ್ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. 1951ರ ಮಾಡೆಲ್. ಹಸಿರು ಬಣ್ಣ. ಇಪ್ಪತ್ತೈದು ವರ್ಷದಿಂದ ಜಾಗ ಬಿಟ್ಟು ಕದಲಿಲ್ಲ. ಬಲಗಡೆ ಬಾಗಿಲಿನ ಮೇಲಂಚಲ್ಲಿ ಬಣ್ಣ ಸವೆದು ತಗಡು ಕಾಣುತ್ತೆ. ದೊಡ್ಡಪ್ಪ ಅಲ್ಲೇ ಮೊಣಕೈ ಊರಿಕೊಂಡು ಓಡಿಸುತ್ತಿದ್ದರು.

ಹೋದ ತಿಂಗಳು ಒಬ್ಬ ದಲ್ಲಾಳಿ ಬಂದಿದ್ದರು. ಒಂದು ರೇಟು ಹೇಳಿದರು. "ಇದಕ್ಕೆ ಕೆಂಪು ಬಣ್ಣ ಹೊಡೆಸಿ, ಹೊಸ ಲೆದರ್ ಸೀಟ್ ಹಾಕಿಸಿ, ಕ್ರೋಮ್ ಮಾಡಿಸಿ, ಬೆಲೆ ಎರಡರಷ್ಟಾಗುತ್ತೆ" ಅಂತ ಸಲಹೆ ಬೇರೆ ಕೊಟ್ಟರು. ಅವತ್ತಿನಿಂದ ನಾನು ವಿದೇಶದ ಹರಾಜುಗಳ ಸುದ್ದಿ ಓದೋಕೆ ಶುರು ಮಾಡಿದೆ. 2022ರಲ್ಲಿ ಒಂದು ಮರ್ಸಿಡಿಸ್ 13.5 ಕೋಟಿ ಯೂರೊಗೆ ಹೋಗಿದೆ. ಆಗಿನ ಲೆಕ್ಕದಲ್ಲಿ ಸುಮಾರು 1,100 ಕೋಟಿ ರೂಪಾಯಿ! ನಮ್ಮ ಕಾರು ಆ ಸಾಲಿಗೆ ಸೇರಲ್ಲ ಅಂತ ಗೊತ್ತು. ಆದರೂ ತಲೆಯಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿದೆ.

ಅಡಿಕೆ ಮಂಡಿ ನನಗೆ ಗೊತ್ತು. ಅಲ್ಲಿ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು ನೋಡಿ ರೇಟು ಬರೆಯುತ್ತಾರೆ. ಕಾಫಿಗೂ ಹಾಗೇ, ಬೀಜ ನೋಡಿ ಬೆಲೆ. ಈ ಕಾರುಗಳ ಹರಾಜಿನಲ್ಲಿ ಅವರು ಕೈ ಹಾಕಿ ನೋಡೋದು ಏನನ್ನ? ತಿಳಿದವರು ಹೇಳಬೇಕು.

ಸ್ಟುಟ್‌ಗಾರ್ಟ್ ಕನ್ನಡಿಗ

ಮಲೆನಾಡಿಗರೇ, ನೀವು ಹೇಳಿದ ಕಾರು ಮಾರಾಟವಾಗಿದ್ದು ನಮ್ಮ ಊರಲ್ಲೇ. 2022ರ ಮೇ 5ರಂದು, ಇಲ್ಲಿನ ಮರ್ಸಿಡಿಸ್ ಬೆಂಜ್ ಮ್ಯೂಸಿಯಂ ಒಳಗೆ. ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶ. ಹರಾಜು ನಡೆಸಿದ್ದು ಆರ್‌ಎಂ ಸೊಥೆಬಿಸ್. ಕಾರಿನ ಹೆಸರು 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆ.

ಇದನ್ನು ಮಾಡಿದ್ದೇ ಎರಡು. 1955ರಲ್ಲಿ. ಆ ವರ್ಷ ಫ್ರಾನ್ಸಿನ ಲ ಮಾನ್ ರೇಸಿನಲ್ಲಿ ಒಂದು ಮರ್ಸಿಡಿಸ್ ಪ್ರೇಕ್ಷಕರ ಮೇಲೆ ಹಾರಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ವರ್ಷದ ಕೊನೆಗೆ ಕಂಪನಿ ರೇಸಿಂಗ್ ನಿಲ್ಲಿಸಿತು. ಹಾಗಾಗಿ ಈ ಮುಚ್ಚು ಚಾವಣಿಯ ಕಾರುಗಳು ಒಂದು ರೇಸೂ ಓಡಲಿಲ್ಲ. ಎಂಜಿನಿಯರ್ ರುಡಾಲ್ಫ್ ಊಲೆನ್‌ಹೌಟ್ ಒಂದನ್ನು ಕಚೇರಿಗೆ ಬಂದು ಹೋಗೋಕೆ ಇಟ್ಟುಕೊಂಡರು. ಗಂಟೆಗೆ ಸುಮಾರು 290 ಕಿಲೋಮೀಟರ್ ಓಡೋ ಕಾರನ್ನು ಮಾಮೂಲಿ ರಸ್ತೆಯಲ್ಲಿ!

ಎರಡೂ ಕಾರು ಹುಟ್ಟಿದ ದಿನದಿಂದ ಕಂಪನಿ ಬಿಟ್ಟು ಹೊರಗೆ ಹೋಗಿರಲಿಲ್ಲ. ಅಂದರೆ ಅದರ ಬಗ್ಗೆ ಒಂದೇ ಒಂದು ಅನುಮಾನಕ್ಕೂ ಜಾಗ ಇರಲಿಲ್ಲ. ಯಾರು ಓಡಿಸಿದರು, ಎಲ್ಲಿ ರಿಪೇರಿಯಾಯಿತು, ಎಂಜಿನ್ ಅದೇನಾ, ಎಲ್ಲಕ್ಕೂ ಕಂಪನಿಯ ಕಡತದಲ್ಲೇ ಉತ್ತರ. ಬಂದ ಹಣ ಓದೋ ಹುಡುಗರ ವಿದ್ಯಾರ್ಥಿವೇತನದ ನಿಧಿಗೆ ಹೋಯಿತು. ಇನ್ನೊಂದು ಕಾರು ಕಂಪನಿಯಲ್ಲೇ ಉಳಿದಿದೆ. ಅದರ ಎದುರು ನಿಂತು ನೋಡಿದ್ದೇನೆ. ಬಾಗಿಲು ಹಕ್ಕಿ ರೆಕ್ಕೆ ಎತ್ತಿದ ಹಾಗೆ ಮೇಲಕ್ಕೆ ತೆರೆಯುತ್ತೆ. ಪಕ್ಕದಲ್ಲಿ ಹೊಗೆ ಕೊಳವೆಗಳು ಜೋಡಿಯಾಗಿ ಹೊರಗೆ ಬಂದಿವೆ. ಅರ್ಧ ಗಂಟೆ ಅಲ್ಲಿಂದ ಕಾಲು ಕೀಳೋಕೆ ಆಗಲಿಲ್ಲ.

ಹಾಸನದ ಹುಡುಗ

ಅಣ್ಣ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸಾವಿರ ಕೋಟಿ ಅಂದರೆ ಒಂದು ದೊಡ್ಡ ಆಸ್ಪತ್ರೆ ಕಟ್ಟಬಹುದು. ಇದು ದುಡ್ಡು ಜಾಸ್ತಿ ಇರೋರ ಪೈಪೋಟಿ ಅಷ್ಟೇ ಅಲ್ವಾ? ಇಬ್ಬರು ಹಠಕ್ಕೆ ಬಿದ್ದರೆ ತೆಂಗಿನಕಾಯಿಯೂ ಜಾತ್ರೆ ಸವಾಲಿನಲ್ಲಿ ಹತ್ತು ಸಾವಿರಕ್ಕೆ ಹೋಗುತ್ತೆ. ಅದರಲ್ಲಿ ತೆಂಗಿನಕಾಯಿಯ ಗುಣ ಏನಿದೆ?

ಬೇ ಏರಿಯಾ ಬಸು

ತಮ್ಮಾ, ಹಠ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ನೀನು ಕೊಟ್ಟ ಉದಾಹರಣೆಯೇ ಚೆನ್ನಾಗಿದೆ. ಅದು ದೇವರ ಮುಂದೆ ಇಟ್ಟ ಕಾಯಿ ಅಂತ ತಾನೇ ಸವಾಲು ಏರೋದು? ಅಂಗಡಿಯ ಕಾಯಿಗೆ ಯಾರೂ ಹಾಗೆ ಕೂಗಲ್ಲ.

ನಾನು ಕಂಡದ್ದು ಹೇಳ್ತೀನಿ. ಪ್ರತಿ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ಒಂದು ವಾರ ಹಳೇ ಕಾರುಗಳ ಹಬ್ಬ. ಹರಾಜು, ಪ್ರದರ್ಶನ, ರೇಸು ಎಲ್ಲಾ. 2023ರಲ್ಲಿ ನಾನೂ ಹೋಗಿದ್ದೆ. ಅಲ್ಲಿ 1954ರ ಫೆರಾರಿ 500 ಮಾಂಡಿಯಲ್ ಒಂದು ಇತ್ತು. ಕಾರು ಅಂತ ಕರೆಯೋಕೇ ಕಷ್ಟ. ಅರವತ್ತರ ದಶಕದಲ್ಲಿ ಅಪಘಾತವಾಗಿ ಬೆಂಕಿ ಬಿದ್ದಿದ್ದು. ಮುಷ್ಟಿಯಲ್ಲಿ ಹಿಂಡಿ ಎಸೆದ ಕಾಗದದ ಹಾಗೆ ತಗಡು ಮುದುಡಿತ್ತು. ಅಲ್ಲಲ್ಲಿ ಕೆಂಪು, ಉಳಿದಿದ್ದೆಲ್ಲಾ ತುಕ್ಕು. ನಮ್ಮೂರ ಗುಜರಿಯವನು ತೂಕಕ್ಕೆ ಹಾಕಿಕೊಳ್ಳುತ್ತಿದ್ದ. ಅದು ಹೋಗಿದ್ದು 18.75 ಲಕ್ಷ ಡಾಲರಿಗೆ!

ಯಾಕೆ? ಇಟಲಿಯ ಪಿನಿನ್ ಫರೀನಾ ಕಂಪನಿ ಮೈಕಟ್ಟು ಮಾಡಿದ, ಮೇಲ್ಚಾವಣಿ ಇಲ್ಲದ ಮೊದಲ ಸರಣಿಯ ಸ್ಪೈಡರ್‌ಗಳು ಹದಿಮೂರೇ. ಅದರಲ್ಲಿ ಇದು ಎರಡನೆಯದು. ಆ ತಗಡಿನ ನಡುವೆ ಫೆರಾರಿ ಹೊಡೆದ ಛಾಸಿ (ಕಾರಿನ ತಳದ ಚೌಕಟ್ಟು) ನಂಬರ್ ಇತ್ತು. ಬೇಕಾದರೆ ಹೊಸ ತಗಡು ಬಡಿಯಬಹುದು, ಹೊಸ ಚಕ್ರ ಹಾಕಬಹುದು. ಆದರೆ 1954ರಲ್ಲಿ ಫೆರಾರಿಯ ಊರಾದ ಮರನೆಲ್ಲೋದಲ್ಲಿ ಹುಟ್ಟಿದ ಆ ಒಂದು ಕಾರು ತಾನೇ ಅಂತ ಹೇಳಿಕೊಳ್ಳೋ ಹಕ್ಕನ್ನು ಯಾವ ಕಾರ್ಖಾನೆಯಲ್ಲೂ ತಯಾರಿಸೋಕೆ ಆಗಲ್ಲ. 18.75 ಲಕ್ಷ ಬಂದಿದ್ದು ಆ ಹಕ್ಕಿಗೆ. ಮಲೆನಾಡಿಗರೇ, ಅವರು ಕೈ ಹಾಕಿ ನೋಡೋದು ಇದನ್ನೇ.

ಧಾರವಾಡದ ವಕೀಲೆ

ಬಸು ಅವರು ಹೇಳಿದ ಆ ಹಕ್ಕಿನ ಮೇಲೆ ಒಂದು ದೊಡ್ಡ ಮೊಕದ್ದಮೆಯೇ ನಡೆದಿದೆ. ನಾನು ಕಾನೂನು ಓದುವಾಗಿನಿಂದ ನನಗೆ ಇಷ್ಟವಾದ ಕೇಸು.

ಬೆಂಟ್ಲಿ ಕಂಪನಿಯ ಸ್ಪೀಡ್ ಸಿಕ್ಸ್ ರೇಸ್ ಕಾರು ಒಂದಿತ್ತು. ಅದನ್ನು ಓಲ್ಡ್ ನಂಬರ್ ವನ್ ಅಂತ ಕರೆಯುತ್ತಿದ್ದರು. 1929 ಮತ್ತು 1930, ಎರಡು ವರ್ಷ ಸತತವಾಗಿ ಲ ಮಾನ್ ಗೆದ್ದ ಕಾರು. ಆಮೇಲೆ ಅದನ್ನು ಬೇರೆ ಬೇರೆ ರೇಸುಗಳಿಗೆ ಬದಲಾಯಿಸಿದರು. ಛಾಸಿ ಬದಲಾಯಿತು, ಎಂಜಿನ್ ಬದಲಾಯಿತು, ಮೈ ಬದಲಾಯಿತು. ಬಹಳ ವರ್ಷಗಳ ನಂತರ ಅದನ್ನು 1 ಕೋಟಿ ಪೌಂಡಿಗೆ ಕೊಳ್ಳೋಕೆ ಒಂದು ಕಂಪನಿ ಒಪ್ಪಿತು. ಆಮೇಲೆ "ಇದು ಆ ಕಾರೇ ಅಲ್ಲ, ಹಳೇದು ಏನೂ ಉಳಿದಿಲ್ಲ" ಅಂತ ಹಿಂದೆ ಸರಿಯಿತು. ಮಾರುವವರು ಕೋರ್ಟಿಗೆ ಹೋದರು.

1990ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟರು. ಬಿಡಿಭಾಗ ಒಂದೊಂದಾಗಿ ಬದಲಾದದ್ದು ನಿಜ. ಆದರೆ ಈ ಕಾರಿನ ಬಾಳು ಎಲ್ಲೂ ಕಡಿದು ಹೋಗಿಲ್ಲ, ಇದನ್ನು ಬಿಟ್ಟು ಆ ಹೆಸರು ಹೇಳೋಕೆ ಬೇರೆ ಕಾರೂ ಇಲ್ಲ. ಹಾಗಾಗಿ ಓಲ್ಡ್ ನಂಬರ್ ವನ್ ಅಂದರೆ ಇದೇ. ಇದು ತೀರ್ಪಿನ ಸಾರ.

ಹೊಳೆಯ ನೀರು ದಿನಾ ಬೇರೆ, ಆದರೂ ಅದು ಅದೇ ಹೊಳೆ ಅಲ್ವಾ? ಕೋರ್ಟು ಇಲ್ಲಿ ಒಪ್ಪಿದ್ದು ಹರಿವನ್ನ. ಹರಿವು ಕಡಿದಿಲ್ಲ ಅಂತ ತೋರಿಸೋದು ಹೇಗೆ? ರಿಪೇರಿ ಬಿಲ್ಲು, ರೇಸಿನ ದಾಖಲೆ, ಮಾಲೀಕರ ಪತ್ರ, ಹಳೇ ಫೋಟೋ. ಇವು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರಬೇಕು. ಒಂದು ಕೊಂಡಿ ಕಳೆದರೂ ಎದುರು ಪಾರ್ಟಿ ವಕೀಲ ಅಲ್ಲೇ ಬೆರಳಿಡುತ್ತಾನೆ.

ಜೊತೆಗೆ ಇನ್ನೊಂದು ವಿಷಯ. ಪೇಪರಿನಲ್ಲಿ ಬರೋ ಹರಾಜಿನ ಬೆಲೆ ಪೂರ್ತಿ ಮಾರಿದವರ ಕೈಗೆ ಹೋಗಲ್ಲ. ಸುತ್ತಿಗೆ ಬಿದ್ದ ಬೆಲೆಯ (ಕೊನೆಯ ಕೂಗಿನ) ಮೇಲೆ ಕೊಂಡವರು ಹರಾಜು ಸಂಸ್ಥೆಗೆ ಕಮಿಷನ್ ಕೊಡಬೇಕು. 2018ರಲ್ಲಿ ಮಾಂಟೆರಿಯಲ್ಲಿ ಒಂದು ಫೆರಾರಿ 250 ಜಿಟಿಒಗೆ ಸುತ್ತಿಗೆ ಬಿದ್ದಿದ್ದು 4.4 ಕೋಟಿ ಡಾಲರಿಗೆ. ಮೊದಲ ಎರಡೂವರೆ ಲಕ್ಷಕ್ಕೆ ಶೇ 12, ಮಿಕ್ಕಿದ್ದಕ್ಕೆ ಶೇ 10. ಒಟ್ಟು 4.84 ಕೋಟಿ ಆಯಿತು. ಸುದ್ದಿಯಲ್ಲಿ ಬಂದಿದ್ದು ಈ ಎರಡನೇ ಅಂಕಿ. ಮಾರಿದವರಿಂದಲೂ ಸಂಸ್ಥೆ ಕಮಿಷನ್ ತೆಗೆದುಕೊಳ್ಳುವುದುಂಟು. ಹಳೇ ಬೆಲೆ, ಹೊಸ ಬೆಲೆ ಹೋಲಿಸುವಾಗ ಇದನ್ನು ನೆನಪಿಡಿ.

ಮಲೆನಾಡಿಗ

ಅಕ್ಕಾ, ಹೊಳೆಯ ಮಾತು ತುಂಬಾ ಹಿಡಿಸಿತು. ದೊಡ್ಡಪ್ಪನ ಕಬ್ಬಿಣದ ಟ್ರಂಕ್ ಒಂದು ಅಟ್ಟದ ಮೇಲಿದೆ. ಅದರಲ್ಲಿ ಕಾರಿನ ಕಾಗದ ಇರಬಹುದು ಅಂತ ಅಮ್ಮ ಹೇಳ್ತಾರೆ. ಕೆಳಗಿಳಿಸಿ ನೋಡ್ತೀನಿ.

ಆದರೆ ದಲ್ಲಾಳಿ ಹೇಳಿದ ಪೇಂಟ್ ವಿಷಯ? ಶೆಡ್ಡಿನಲ್ಲಿ ಹೀಗೆ ಬಿದ್ದಿರೋದಕ್ಕಿಂತ ಚೆಂದ ಮಾಡಿಸೋದು ಒಳ್ಳೇದಲ್ವಾ ಅಂತ ಮನೆಯಲ್ಲೂ ಕೇಳ್ತಿದ್ದಾರೆ.

ಜೆಸಿ ರೋಡ್ ಮೆಕ್ಯಾನಿಕ್

ಸ್ವಾಮಿ, ಕೈ ಮುಗಿದು ಹೇಳ್ತೀನಿ, ಪೇಂಟಿಗೆ ಈಗಲೇ ಕೈ ಹಾಕಬೇಡಿ.

ನಲವತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಹಳೇ ಕಾಲದಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ. ಹಳೇ ಗಾಡಿ ಬಂದರೆ ಪೂರ್ತಿ ಬಿಚ್ಚೋದು, ಬಣ್ಣ ಕೆರೆಯೋದು, ಟಿಂಕರಿಂಗ್ ಮಾಡಿ, ಪುಟ್ಟಿ ಹಾಕಿ, ಹೊಳೆಯೋ ಹಾಗೆ ಪೇಂಟ್ ಹೊಡೆಯೋದು. ತೊಂಬತ್ತರ ದಶಕದಲ್ಲಿ ಒಬ್ಬರು ಇಂಗ್ಲೆಂಡಿನ ಒಂದು ಸ್ಪೋರ್ಟ್ಸ್ ಕಾರು ತಂದಿದ್ದರು. ನಾನು ಕೆಲಸಕ್ಕಿದ್ದ ಗ್ಯಾರೇಜಿನಲ್ಲಿ ಅದರ ಮರದ ನೆಲಹಲಗೆ, ಹಳೇ ಡೈನಮೋ, ಬಾನೆಟ್ ಒಳಗಿನ ನಂಬರ್ ಹೊಡೆದ ಲೋಹದ ಪಟ್ಟಿ ಎಲ್ಲಾ ತೆಗೆದು ಒಂದು ಗೋಣಿಚೀಲಕ್ಕೆ ಹಾಕಿದ್ದೆವು. ಒಂದು ದಿನ ಜಾಗ ಖಾಲಿ ಮಾಡಬೇಕು ಅಂತ ಆ ಚೀಲ ಗುಜರಿಗೆ ಹೋಯಿತು. ಗಾಡಿ ಮದುಮಗನ ಹಾಗೆ ಹೊರಗೆ ಬಂತು. ಮಾಲೀಕರಿಗೂ ಖುಷಿ. ಹತ್ತು ವರ್ಷ ಆದಮೇಲೆ ಅವರು ಮಾರೋಕೆ ಹೋದಾಗ ಕೊಳ್ಳೋಕೆ ಬಂದವರು ಮೊದಲು ಕೇಳಿದ್ದೇ ಆ ಪಟ್ಟಿ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ಪಟ್ಟಿ ನನ್ನ ಅಂಗೈಯಷ್ಟೂ ಇರಲಿಲ್ಲ. ಇವತ್ತಿಗೂ ಅದು ಕಣ್ಣ ಮುಂದೆ ಬರುತ್ತೆ.

ಟಿಡಿಯ ಮೈ ಒಳಗೆ ಮರದ ಚೌಕಟ್ಟು ಇದೆ, ಆ್ಯಶ್ ಮರ. ಅದರ ಮೇಲೆ ತಗಡು ಹೊದಿಸಿರುತ್ತಾರೆ. ನಿಮ್ಮದು ಮಲೆನಾಡು. ಮೊದಲು ಗೆದ್ದಲು ನೋಡಿ. ಬಾಗಿಲು ಮೆಲ್ಲಗೆ ಎತ್ತಿ ನೋಡಿ, ಕೀಲಿನ ಕಡೆ ಅಲ್ಲಾಡಿದರೆ ಕಂಬದ ಮರ ಹೋಗಿರಬಹುದು. ಸ್ಕ್ರೂ ಡ್ರೈವರ್ ತುದಿಯಿಂದ ಮರಕ್ಕೆ ಮೆತ್ತಗೆ ಚುಚ್ಚಿ. ಟಕ್ ಅಂದರೆ ಸರಿ, ಪುಸ್ ಅಂತ ಒಳಗೆ ಹೋದರೆ ತಿಂದಿದೆ.

ಸ್ಟುಟ್‌ಗಾರ್ಟ್ ಕನ್ನಡಿಗ

ಮೆಕ್ಯಾನಿಕ್ ಅಣ್ಣ ಹೇಳಿದ್ದಕ್ಕೆ ಇಲ್ಲಿಂದಲೇ ಒಂದು ಉದಾಹರಣೆ. ಪೋರ್ಷೆ 911 ಮೊದಲು 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಬಂದಾಗ ಅದರ ಹೆಸರು 901. ನಡುವೆ ಸೊನ್ನೆ ಇರೋ ಮೂರಂಕಿ ಹೆಸರು ನಮ್ಮದು ಅಂತ ಪೂಜೋ ಕಂಪನಿ ತಕರಾರು ತೆಗೆಯಿತು. ಪೋರ್ಷೆ ಹೆಸರು ಬದಲಾಯಿಸಿತು. ಅಷ್ಟರಲ್ಲಿ 901 ಅಂತ ಕೆಲವೇ ಕಾರು ತಯಾರಾಗಿದ್ದವು.

2014ರಲ್ಲಿ ಬರ್ಲಿನ್ ಸುತ್ತಲಿನ ಬ್ರಾಂಡೆನ್‌ಬರ್ಗ್ ಸೀಮೆಯ ಒಂದು ಕೊಟ್ಟಿಗೆಯಲ್ಲಿ ಎರಡು ಹಳೇ 911 ಸಿಕ್ಕವು. ಒಂದರ ಛಾಸಿ ನಂಬರ್ 300057. ನೋಡಿದರೆ ಅದು 901! ಮುಂದಿನ ಮಡ್‌ಗಾರ್ಡುಗಳೇ ಇರಲಿಲ್ಲ, ಮೈಯೆಲ್ಲಾ ತುಕ್ಕು ತಿಂದಿತ್ತು. ಪೋರ್ಷೆ ಮ್ಯೂಸಿಯಂ ಅದೊಂದಕ್ಕೇ 1,07,000 ಯೂರೊ ಕೊಟ್ಟಿತು. ಆಮೇಲೆ ಮೂರು ವರ್ಷ ಕೆಲಸ. ಉಳಿದಿದ್ದ ಹಳೇ ತಗಡನ್ನು ಎಸೆಯದೆ, ಎಷ್ಟು ಉಳಿಸಬಹುದೋ ಅಷ್ಟೂ ಉಳಿಸಿಕೊಂಡರು. ಇಲ್ಲದ್ದಕ್ಕೆ ಅದೇ ಕಾಲದ ಬೇರೆ ಕಾರಿನ ಭಾಗ ಹುಡುಕಿ ಹಾಕಿದರು. 2017ರ ಡಿಸೆಂಬರಿನಲ್ಲಿ ಜನರಿಗೆ ತೋರಿಸಿದರು.

ಹೊಸ ತಗಡು ಮಾಡಿಸೋದು ಅವರಂಥ ಕಂಪನಿಗೆ ಕಷ್ಟವೇನಲ್ಲ. ಆದರೂ ತುಕ್ಕು ಹಿಡಿದ ಹಳೇ ತುಂಡಿಗಾಗಿ ಅಷ್ಟು ಹೊತ್ತು ಕೂತರು. ಅದನ್ನು ಯೋಚನೆ ಮಾಡಿ.

ಲಂಡನ್ ಲಕ್ಷ್ಮಿ

ಎಲ್ಲರೂ ಹೇಳಿದ್ದು ಸರಿ. ಆದರೆ ಒಂದು ಕಾರಣ ಬಿಟ್ಟು ಹೋಗಿದೆ. ಆ ಕಾರಿನಲ್ಲಿ ಎಲ್ಲಿಗೆ ಹೋಗಬಹುದು ಅನ್ನೋದೂ ಬೆಲೆ ತೀರ್ಮಾನ ಮಾಡುತ್ತೆ.

ಪ್ರತಿ ವರ್ಷ ನವೆಂಬರ್ ಮೊದಲ ಭಾನುವಾರ ಲಂಡನ್ನಿನಿಂದ ಬ್ರೈಟನ್‌ಗೆ ಬಹಳ ಹಳೇ ಕಾರುಗಳ ಓಟ. ಇದು ರೇಸಲ್ಲ, ತಲುಪಿದರೆ ಸಾಕು. ಬೆಳಗಿನ ಜಾವ ಹೈಡ್ ಪಾರ್ಕಿನಲ್ಲಿ ಹೊರಡುತ್ತಾರೆ. ಒಂದು ವರ್ಷ ಮಗಳನ್ನು ಕರೆದುಕೊಂಡು ಹೋಗಿದ್ದೆ. ಚಳಿ, ಕತ್ತಲು, ಹಿತ್ತಾಳೆ ದೀಪಗಳು, ಪೆಟ್ರೋಲ್ ವಾಸನೆ. ಹಿಂದೆ ಕೂತ ಅಜ್ಜಿಯೊಬ್ಬರು ಕಂಬಳಿ ಹೊದ್ದುಕೊಂಡಿದ್ದರು. ನಮ್ಮ ಕಡೆ ಕೈ ಬೀಸಿದರು. ಒಂದೊಂದು ಎಂಜಿನ್ನಿಗೂ ಒಂದೊಂದು ಸದ್ದು. ಕೆಲವು ಒರಳಲ್ಲಿ ಕುಟ್ಟಿದ ಹಾಗೆ ಧುಮ್ ಧುಮ್ ಅನ್ನುತ್ತಿದ್ದವು.

ಇದಕ್ಕೆ ಸೇರಬೇಕಾದರೆ ಕಾರು 1905ಕ್ಕೆ ಮುಂಚೆ ತಯಾರಾಗಿರಬೇಕು. ಹಾಗಾಗಿ 1904ರ ಕಾರಿಗೂ 1906ರ ಕಾರಿಗೂ ಬೆಲೆಯಲ್ಲಿ ದೊಡ್ಡ ಅಂತರ. ಕಾರು ಹೆಚ್ಚು ಕಮ್ಮಿ ಒಂದೇ ಇದ್ದರೂ! ಹಾಗೇ ಇಟಲಿಯ ಮಿಲ್ಲೆ ಮಿಲ್ಯಾ. 1927ರಿಂದ 1957ರವರೆಗೆ ಬ್ರೆಶಿಯಾದಿಂದ ರೋಮಿಗೆ ಹೋಗಿ ವಾಪಸು ಬರೋ ಸಾವಿರ ಮೈಲಿ ರೇಸು ಅದು. ಈಗ ಹಳೇ ಕಾರುಗಳ ಯಾತ್ರೆಯ ರೂಪದಲ್ಲಿ ನಡೆಯುತ್ತೆ. ಆ ಕಾಲದಲ್ಲಿ ಓಡಿದ ಮಾಡೆಲ್ಲುಗಳಿಗೆ ಮಾತ್ರ ಜಾಗ. ಕೊಳ್ಳೋರು ಕೇಳೋ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

2024ರ ಮಾರ್ಚಿನಲ್ಲಿ ಫ್ಲಾರಿಡಾದ ಅಮೀಲಿಯಾ ಐಲೆಂಡಿನಲ್ಲಿ 1903ರ ಒಂದು ಮರ್ಸಿಡಿಸ್ ಸಿಂಪ್ಲೆಕ್ಸ್ 60 ಎಚ್‌ಪಿ ಮಾರಾಟವಾಯಿತು. ಪತ್ರಿಕೆ ನಡೆಸುತ್ತಿದ್ದ ಆಲ್ಫ್ರೆಡ್ ಹಾರ್ಮ್ಸ್‌ವರ್ತ್ ಅದನ್ನು ಹೊಸದಾಗಿ ಕೊಂಡಿದ್ದರು. ಅವತ್ತಿನಿಂದ 121 ವರ್ಷ ಒಂದೇ ಕುಟುಂಬದಲ್ಲಿ ಇತ್ತು. ಬಹಳ ಕಾಲ ಇಲ್ಲಿನ ಬ್ಯೂಲಿ ಮ್ಯೂಸಿಯಂನಲ್ಲಿ ಇಟ್ಟಿದ್ದರು. ಬ್ರೈಟನ್ ಓಟಕ್ಕೂ ಸಲ್ಲುತ್ತೆ, ಕುಟುಂಬದ ಕಥೆಯೂ ಕಡಿದಿಲ್ಲ. 1.21 ಕೋಟಿ ಡಾಲರ್ ಬಂತು. ಅದು ಬೇಲಿ ಹಾಕಿದ ವಸ್ತುವಾಗಿ ಅಲ್ಲ, ರಸ್ತೆ ಮೇಲೆ ಓಡೋ ಕಾರಾಗಿ ಬೆಲೆ ಪಡೆದಿದ್ದು ನನಗೆ ಸಮಾಧಾನ.

ಹಾಸನದ ಹುಡುಗ

ಲಕ್ಷ್ಮಿ ಅಕ್ಕ, ಇದು ಓದಿ ಸ್ವಲ್ಪ ಮನಸ್ಸು ಬದಲಾಯಿತು. ಆದರೂ ಒಂದು ಅನುಮಾನ. ಇದರಲ್ಲಿ ದುಡ್ಡು ಹಾಕಿದರೆ ಏರ್ತಾನೇ ಇರುತ್ತಾ? ನನ್ನ ಗೆಳೆಯ ಒಬ್ಬ "ಚಿನ್ನಕ್ಕಿಂತ ಕ್ಲಾಸಿಕ್ ಕಾರು ಮೇಲು" ಅಂತ ಹೇಳ್ತಾನೆ.

ಬೇ ಏರಿಯಾ ಬಸು

ನಿನ್ನ ಗೆಳೆಯನಿಗೆ 250 ಜಿಟಿಒ ಕಥೆ ಹೇಳು. 1962ರಿಂದ 64ರ ನಡುವೆ ಮಾಡಿದ್ದು 36. ಹೊಸದರಲ್ಲಿ ಅಮೆರಿಕದಲ್ಲಿ ಬೆಲೆ ಸುಮಾರು 18 ಸಾವಿರ ಡಾಲರ್. ಎಂಬತ್ತರ ದಶಕದ ಕೊನೆಗೆ ಜಪಾನಿನ ದುಡ್ಡು ಹರಿದು ಬಂದಾಗ ಬೆಲೆ 1 ಕೋಟಿ ಡಾಲರ್ ದಾಟಿತು. ಜಪಾನಿನ ಗುಳ್ಳೆ ಒಡೆಯಿತು. ಕೆಲವೇ ವರ್ಷದಲ್ಲಿ ಕಾಲು ಭಾಗದ ಹತ್ತಿರಕ್ಕೆ ಕುಸಿಯಿತು. ಸಾಲ ಮಾಡಿ ಕೊಂಡವರು ಮುಳುಗಿದರು. ಆಮೇಲೆ ಮತ್ತೆ ಏರಿತು. 2014ರಲ್ಲಿ ಬಾನಮ್ಸ್ ಹರಾಜಿನಲ್ಲಿ 3.81 ಕೋಟಿ. 2018ರದ್ದು ವಕೀಲೆ ಮೇಡಂ ಹೇಳಿದರು. 2023ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಖಾನೆಯೇ ರೇಸಿಗಿಳಿಸಿದ್ದ ಜಿಟಿಒ ಒಂದು 5.17 ಕೋಟಿಗೆ ಹೋಯಿತು. ಅದಕ್ಕೆ 6 ಕೋಟಿ ಮೀರುತ್ತೆ ಅಂತ ನಿರೀಕ್ಷೆ ಇತ್ತು. ಹರಾಜಿನಲ್ಲಿ ಅಲ್ಲಿಯವರೆಗೆ ಫೆರಾರಿಗೆ ಬಂದ ದಾಖಲೆ ಬೆಲೆಯೇ, ಆದರೂ ಅಂದುಕೊಂಡಷ್ಟು ಕೂಗು ಬರಲಿಲ್ಲ.

ಚಿನ್ನವನ್ನು ಬೀರುವಿನಲ್ಲಿಟ್ಟರೆ ಹಾಗೇ ಇರುತ್ತೆ. ಕಾರಿಗೆ ವಿಮೆ, ಒಣ ಜಾಗ, ಬಲ್ಲ ಮೆಕ್ಯಾನಿಕ್ ಬೇಕು. ಕೊಳ್ಳೋನು ಬೇಕಾದಾಗ ಸಿಗಲ್ಲ.

ಹರಾಜಿನ ಕೋಣೆ ಎಷ್ಟು ಸೂಕ್ಷ್ಮ ಅನ್ನೋಕೆ ಒಂದು ಘಟನೆ. 2019ರ ಆಗಸ್ಟ್, ಮಾಂಟೆರಿ. 1939ರ ಪೋರ್ಷೆ ಟೈಪ್ 64 ವೇದಿಕೆಗೆ ಬಂತು. ಬರ್ಲಿನ್‌ನಿಂದ ರೋಮ್‌ಗೆ ನಡೆಯಬೇಕಿದ್ದ ರೇಸಿಗೆ ತಯಾರಾದ ಕಾರು. ಯುದ್ಧ ಬಂದು ಆ ರೇಸೇ ನಡೆಯಲಿಲ್ಲ. 2 ಕೋಟಿ ಡಾಲರ್ ಬರುತ್ತೆ ಅಂತ ಎಲ್ಲರ ಲೆಕ್ಕ. ಹರಾಜು ಕೂಗುವವರು ಇಂಗ್ಲಿಷಿನಲ್ಲಿ ಥರ್ಟೀನ್ ಮಿಲಿಯನ್ (1.3 ಕೋಟಿ) ಅಂದದ್ದು ಥರ್ಟಿ ಮಿಲಿಯನ್ ಅಂತ ಕೇಳಿಸಿತು. ಹಿಂದಿನ ಪರದೆಯ ಮೇಲೆ 3 ಕೋಟಿ ಬಂತು! ಆಮೇಲೆ ಫೋರ್ಟೀನ್ ಅಂದರೆ 4 ಕೋಟಿ. ಹೀಗೇ 7 ಕೋಟಿವರೆಗೆ ಹೋಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಫೋನಿನಲ್ಲಿ ಚಿತ್ರ ತೆಗೆದರು. ಆಗ ಕೂಗುವವರು ತಡೆದು "7 ಅಲ್ಲ, 1.7 ಕೋಟಿ" ಅಂದರು. ಜನ ಕೂಗಾಡಿದರು, ಕೆಲವರು ಎದ್ದು ಹೊರಟರು. ಕಾರು ಮಾರಾಟವಾಗಲಿಲ್ಲ. ಕನ್ನಡದಲ್ಲಿ ಕೂಗಿದ್ದರೆ ಹದಿಮೂರಕ್ಕೂ ಮೂವತ್ತಕ್ಕೂ ಈ ಗೊಂದಲ ಆಗುತ್ತಲೇ ಇರಲಿಲ್ಲ ಅಂತ ನನಗೆ ಅವತ್ತೇ ಅನ್ನಿಸಿತು. ನಂಬಿಕೆ ಒಂದು ಸಲ ಮುರಿದರೆ ಎಂಥ ಅಪರೂಪದ ಕಾರಿಗೂ ಆ ರಾತ್ರಿ ಕೈ ಎತ್ತೋರು ಇರಲ್ಲ.

ಕರಾವಳಿ ಸವಾರ (ಮಂಗಳೂರು)

ನನ್ನ ದುಃಖ ಬೇರೆ. ಇಷ್ಟು ಬೆಲೆ ಆದಮೇಲೆ ಕಾರನ್ನು ಬೀಗ ಹಾಕಿ ಇಡ್ತಾರೆ. ಮಕ್ಕಳಿಗೆ ನೋಡೋಕೆ ಸಿಗಲ್ಲ. ಅದಕ್ಕೇ ಧರ್ಮಸ್ಥಳಕ್ಕೆ ಹೋದಾಗಲೆಲ್ಲ ಮಂಜೂಷಾ ಸಂಗ್ರಹಾಲಯಕ್ಕೆ ಹೋಗ್ತೀನಿ. ವೀರೇಂದ್ರ ಹೆಗ್ಗಡೆಯವರು ಕೂಡಿಹಾಕಿದ ಹಳೇ ಕಾರುಗಳನ್ನು ಯಾರು ಬೇಕಾದರೂ ನೋಡಬಹುದು. ಈಗ ಶ್ರೀರಂಗಪಟ್ಟಣದ ಹತ್ತಿರ ಪಯಣ ಅಂತ ಇನ್ನೊಂದು ಕಾರು ಮ್ಯೂಸಿಯಂ ಕೂಡ ಆಗಿದೆ. ಅಲ್ಲಿ ಒಬ್ಬ ಅಜ್ಜ ಮೊಮ್ಮಗನಿಗೆ "ಇಂಥದ್ದರಲ್ಲೇ ನಮ್ಮೂರಿಗೆ ಡಾಕ್ಟರು ಬರ್ತಿದ್ದರು" ಅಂತ ತೋರಿಸ್ತಾ ಇದ್ದರು. ಆ ಮಾತು ಯಾವ ಹರಾಜಿನಲ್ಲಿ ಸಿಗುತ್ತೆ ಹೇಳಿ.

ಧಾರವಾಡದ ವಕೀಲೆ

ಮಲೆನಾಡಿಗರ ಕಾರಿನ ಬಗ್ಗೆ ಕಾನೂನು ವಿಷಯ ಹೇಳಿಬಿಡ್ತೀನಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ. ನಂಬರಿನಲ್ಲಿ ವಿಎ ಅಕ್ಷರ ಬರುತ್ತೆ. ಈಗಾಗಲೇ ನೋಂದಣಿ ಇದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮುಖ್ಯವಾದದ್ದು ಇದು: ವಾಹನ ಮೂಲ ರೂಪದಲ್ಲೇ ಇರಬೇಕು. ಛಾಸಿ, ಮೈ, ಎಂಜಿನ್ ದೊಡ್ಡದಾಗಿ ಬದಲಾಯಿಸಿರಬಾರದು. ಲಂಡನ್ನಿನ ಕೋರ್ಟು, ನಮ್ಮ ದೆಹಲಿಯ ಇಲಾಖೆ ಇಬ್ಬರೂ ಕೇಳೋದು ಒಂದೇ, ಇದು ಅದೇ ಗಾಡಿನಾ ಅಂತ. ಮೈಸೂರು ರಾಜ್ಯದ ಕಾಲದ ಎಂವೈ ನಂಬರ್ ಇದ್ದರೆ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.

ಬೇ ಏರಿಯಾ ಬಸು

ಬೆಲೆಯ ಬಗ್ಗೆ ನೇರವಾಗಿ ಹೇಳಿಬಿಡ್ತೀನಿ, ಮಲೆನಾಡಿಗರೇ. ಟಿಡಿ ಅಪರೂಪದ ಕಾರಲ್ಲ. 1949ರಿಂದ 53ರವರೆಗೆ ಸುಮಾರು 30,000 ಮಾಡಿದ್ದಾರೆ, ಬಹುಪಾಲು ಇಲ್ಲಿ ಅಮೆರಿಕಕ್ಕೇ ಬಂತು. ಚೆನ್ನಾಗಿರೋದು ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಸಾವಿರ ಡಾಲರಿನ ಆಸುಪಾಸು. ಆದರೆ ಸಕಲೇಶಪುರದ ತೋಟದಲ್ಲಿ ಒಂದೇ ಮನೆಯಲ್ಲಿ ಅರವತ್ತು ಎಪ್ಪತ್ತು ವರ್ಷ ಇದ್ದ ಟಿಡಿ ಎಷ್ಟಿರಬಹುದು? ಕೆಂಪು ಬಣ್ಣ ಹೊಡೆಸಿದರೆ ನಿಮ್ಮದು ಆ ಮೂವತ್ತು ಸಾವಿರದಲ್ಲಿ ಒಂದು. ಹಸಿರಲ್ಲೇ ಬಿಟ್ಟರೆ ದೊಡ್ಡಪ್ಪನ ಕಾರು.

ಛಾಸಿ ನಂಬರ್ ನೋಡಿ. ಟಿಡಿ ಅಂತ ಶುರುವಾಗಿ ಅಂಕಿ ಇರುತ್ತೆ. ಮೊದಲ ಕಾರಿನ ನಂಬರ್ 0251. ಎಂಜಿಯ ಅಬಿಂಗ್ಡನ್ ಕಾರ್ಖಾನೆಯ ಟೆಲಿಫೋನ್ ನಂಬರ್ 251, ಅದಕ್ಕೇ ಅಲ್ಲಿಂದ ಎಣಿಕೆ. ಆ ನಂಬರ್ ಹಾಕಿ, ಇಂಗ್ಲೆಂಡಿನ ಎಂಜಿ ಕಾರ್ ಕ್ಲಬ್ಬಿನಲ್ಲಿ ಟಿ ಸರಣಿ ಕಾರುಗಳನ್ನು ನೋಡಿಕೊಳ್ಳೋ ಟಿ ರಿಜಿಸ್ಟರ್‌ಗೆ ಒಂದು ಪತ್ರ ಬರೆಯಿರಿ.

ಮಲೆನಾಡಿಗ

ಮೂರು ದಿನ ಆದಮೇಲೆ ಬರೀತಿದ್ದೀನಿ. ಟ್ರಂಕ್ ಇಳಿಸಿದೆವು. ಬೀಗ ಒಡೆಯಬೇಕಾಯಿತು. ಒಳಗೆ ನುಸಿಗುಳಿಗೆ ವಾಸನೆ, ಮೇಲೆ ಒಂದು ಉಣ್ಣೆ ಕೋಟು. ಅದರ ಕೆಳಗೆ ಆರ್‌ಸಿ ಬುಕ್ಕು, ಎಂವೈ ನಂಬರಿನದು. ಹಾಸನದ ಒಂದು ಅಂಗಡಿಯ ಟಯರ್ ಬಿಲ್ಲುಗಳು. ಒಂದು ಉದ್ದದ ಲೆಕ್ಕದ ಪುಸ್ತಕದಲ್ಲಿ ದೊಡ್ಡಪ್ಪ ಪೆಟ್ರೋಲ್ ಹಾಕಿಸಿದ್ದು, ಎಷ್ಟು ಮೈಲಿ ಓಡಿತು, ಎಲ್ಲಾ ಬರೆದಿದ್ದಾರೆ. ಒಂದು ಕಡೆ "ಘಾಟಿಯಲ್ಲಿ ಬಿಸಿಯಾಯಿತು, ತೊರೆ ನೀರು ಹಾಕಿದೆ" ಅಂತಿದೆ. ಇನ್ನೊಂದು ಕಡೆ ನಮ್ಮ ಅಪ್ಪನ ಮದುವೆ ದಿನ, "ವಧೂವರರನ್ನು ಕರೆತಂದೆ, 14 ಮೈಲಿ". ಅಮ್ಮ ಆ ಪುಟ ಬಿಟ್ಟು ಮುಂದೆ ಹೋಗಲೇ ಇಲ್ಲ.

ಛಾಸಿ ನಂಬರ್ ಬುಕ್ಕಿಗೂ ಕಾರಿಗೂ ಹೊಂದಿಕೆಯಾಯಿತು. ಎಂಜಿನ್ ಮೇಲಿನ ಪಟ್ಟಿಯೂ ಇದೆ. ಬಲಗಡೆ ಬಾಗಿಲ ಕಂಬದಲ್ಲಿ ಮಾತ್ರ ಸ್ಕ್ರೂ ಡ್ರೈವರ್ ಪುಸ್ ಅಂತ ಒಳಗೆ ಹೋಯಿತು.

ದಲ್ಲಾಳಿಗೆ ಇವತ್ತು ಬೆಳಿಗ್ಗೆ ಫೋನ್ ಮಾಡಿ, ಮಾರಲ್ಲ ಅಂತ ಹೇಳಿದೆ. ಮೆಕ್ಯಾನಿಕ್ ಅಣ್ಣ, ಈಗ ಮೊದಲು ಏನು ಮಾಡಲಿ?

ಜೆಸಿ ರೋಡ್ ಮೆಕ್ಯಾನಿಕ್

ಒಳ್ಳೇದಾಯಿತು ಸ್ವಾಮಿ. ಮೊದಲು ಇರೋ ಹಾಗೇ ಎಲ್ಲಾ ಕಡೆಯಿಂದ ಫೋಟೋ ತೆಗೀರಿ. ಬಾನೆಟ್ ಒಳಗೆ, ಸೀಟಿನ ಕೆಳಗೆ, ಸ್ಟೆಪ್ನಿ ಹಿಂದೆ. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಿದ್ದರೆ ಇವತ್ತೇ ತೆಗೆದುಬಿಡಿ, ಒಳಗೆ ತೇವ ನಿಲ್ಲುತ್ತೆ. ಹಳೇ ಹತ್ತಿ ಬೆಡ್‌ಶೀಟ್ ಸಾಕು. ಚಕ್ರದ ಕೆಳಗೆ ಹಲಗೆ ಕೊಟ್ಟು ನೆಲದಿಂದ ಎತ್ತಿ. ಶೆಡ್ಡಿನ ನೆಲಕ್ಕೆ ಗೆದ್ದಲು ಔಷಧಿ ಹಾಕಿಸಿ, ಕಾರಿಗೆ ಹೊಡೆಸಬೇಡಿ. ಎಂಜಿನ್ ಸ್ಟಾರ್ಟ್ ಮಾಡೋಕೆ ಹೋಗಲೇಬೇಡಿ. ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಎರಡೆರಡು ಚಮಚ ಎಂಜಿನ್ ಎಣ್ಣೆ ಬಿಟ್ಟು ಹಾಗೇ ಬಿಡಿ, ತಿರುಗಿಸಬೇಡಿ.

ಕಂಬದ ಮರ ನಾನು ಬಂದು ನೋಡ್ತೀನಿ. ತಿಂದ ಭಾಗ ಅಷ್ಟೇ ಕತ್ತರಿಸಿ ಹೊಸ ಮರ ಬೆಸೆಯೋಣ. ಕತ್ತರಿಸಿದ ಹಳೇ ತುಂಡು ಎಸೆಯಬೇಡಿ, ಆ ಟ್ರಂಕಿನಲ್ಲೇ ಇಡಿ. ಆ ಬಾಗಿಲಿನ ಮೇಲಂಚು ಮಾತ್ರ ಯಾರೂ ಉಜ್ಜಬಾರದು, ಪಾಲಿಶ್ ಕೂಡ ಬೇಡ. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಹೊರಡ್ತೀನಿ.